ದಾನೇಶ್ವರಿಯ ಎಡಗೈ

ಬಾಗಲಕೋಟೆಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೈಕ್ರೋವೇವ್ ಒಲೆಯ ಮುಂದೆ ಕುಳಿತಾಗಲೂ ಅಮಾತೆಪ್ಪನ ಬಾಯಲ್ಲಿ ಶಿವನಾಮ ನಿಂತಿರಲಿಲ್ಲ. ಒಲೆಯೊಳಗೆ ಅವನ ಮಗಳ ಕೈ ಇತ್ತು.

ಕಮತಗಿಯ ಹಿಟ್ಟಿನ ಗಿರಣಿಯಲ್ಲಿ ತಿರುಗುವ ಬೆಲ್ಟು ಅವನ ಹೆಂಡತಿ ಶಿವಲಿಂಗವ್ವನ ಎಡಗೈಯನ್ನು ಎಳೆದುಕೊಂಡು ತುಂಡರಿಸಿದ ಮೇಲೆ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಭಾಗ್ಯ ಆಕೆಗೆ ತಪ್ಪಿತ್ತು. ಅದಕ್ಕೇ ಮಗಳು ದಾನೇಶ್ವರಿ ತನ್ನ ಎಡಗೈಯಿಂದಲೇ ಅಚ್ಚು ತೆಗೆದು, ಗಾಜಿನೆಳೆಯ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ತೊಯಿಸಿ, ಪದರದ ಮೇಲೆ ಪದರ ಹಾಸಿ ಒಂದು ಕೈ ಕಟ್ಟಿದ್ದಳು. ಕಾಸಿ ಗಟ್ಟಿ ಮಾಡುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಜ್ವರ ಬಂದು ಲಿಂಗೈಕ್ಯಳಾದಳು. ಫ್ರೀಜರಿನಲ್ಲಿ ಹಸಿಯಾಗಿಯೇ ಇದ್ದ ಆ ಕೈಯನ್ನು ಈಗ ಅವಳ ಗೆಳತಿ ಅಲ್ಮಾಸ ಒಲೆಗಿಟ್ಟಿದ್ದಳು. ಇದು ಕೆಟ್ಟರೆ ಇನ್ನೊಂದಿಲ್ಲ. ಅಚ್ಚು ಒಡೆದಿತ್ತು, ಅಚ್ಚು ಕೊಟ್ಟ ಕೈ ಮಣ್ಣಿನಲ್ಲಿತ್ತು.

"ರೊಟ್ಟಿ ಬಿಸಿ ಮಾಡೂ ಪೆಟ್ಟಿಗ್ಯಾಗ ಕೈ ಬೇಯಸ್ತಿ ಏನವಾ?" ಎಂದಳು ಶಿವಲಿಂಗವ್ವ.

"ಹೂಂನ್ರಿ ಕಾಕೂ. ಬ್ಯಾರೆ ಒಲಿ ಹೊರಗಿಂದ ಸುಡತೈತಿ, ಇದು ಒಳಗಿಂದ ಕಾಸತೈತಿ. 'ನಮ್ಮವ್ವನ ಸಿಟ್ಟೂ ಹಿಂಗ' ಅಂತಿದ್ಲು ದಾನಿ." ನಗುತ್ತಿದ್ದ ಅಲ್ಮಾಸ ತಟ್ಟನೆ ಪರದೆಯತ್ತ ಬಾಗಿದಳು.

ಕಾವು ತೋರಿಸುವ ಪರದೆಯಲ್ಲಿ ಇಡೀ ಕೈ ಹಳದಿ. ಅಂಗೈ ನಡುವೆ ಮಾತ್ರ ಕೆಂಪು, ಲಿಂಗದಷ್ಟೇ ದುಂಡಗೆ.

"ಕಾಕಾರ, ಒಳಗ ಮಸಿನೋ ಲೋಹನೋ ಸಿಕ್ಕಿದ್ರ ಹಿಂಗ ಕಾಯತೈತಿ. ಇದರಾಗ ಅಂಥಾದ್ದೇನೂ ಇಲ್ರಿ, ಪದರ ಹಾಸೂವಾಗ ನಾನೂ ಇದ್ನಿ. ಬಂದ್ ಮಾಡ್ಲೇನ್ರಿ? ಮಾಡಿದ್ರ ಅರ್ಧ ಹಸಿ ಉಳದು ಕೆಡತೈತಿ. ಬಿಟ್ರ ಅಂಗೈ ಸುಟ್ಟೀತು."

ಅಮಾತೆಪ್ಪನಿಗೆ ಸಮಾಧಿಯ ಹೊತ್ತು ಕಣ್ಣಿಗೆ ಕಟ್ಟಿತು. ಕುಣಿಯಲ್ಲಿ ಮಗಳನ್ನು ಕೂಡಿಸಿದ್ದರು. "ಎಡಗೈಯಾಗ ಲಿಂಗಾ ಇಡ್ರಿ" ಎಂದಿದ್ದರು ಅಯ್ಯನವರು. ಅವಳೆದುರು ಮೊಣಕಾಲೂರಿ, ಕಣ್ಣು ಮಂಜಾಗಿ, ತನ್ನ ಎಡಕ್ಕೆ ಕಂಡ ಕೈಯಲ್ಲಿ ಇಟ್ಟಿದ್ದ. ಎದುರು ಕುಳಿತವಳಿಗೆ ಅದು ಬಲಗೈ. ಆಮೇಲೆ ವಿಭೂತಿ, ಪತ್ರಿ, ಮಣ್ಣು ಬಿದ್ದವು. ಆ ತಪ್ಪು ಅವನಿಗೆ ಹೊಳೆದದ್ದೇ ಈಗ.

"ಬಂದ್ ಮಾಡಬ್ಯಾಡ," ಎಂದ. "ಆಕಿ ಎಡಗೈ ಖಾಲಿ ಐತಿ. ಲಿಂಗಾ ಬೇಡಾಕತ್ಯಾಳ."

ಒಲೆ ತಾನಾಗಿ ನಿಂತಿತು. ಕೈ ಕೆಟ್ಟಿರಲಿಲ್ಲ. ಅಂಗೈಯಲ್ಲೊಂದು ಕಪ್ಪು ತಗ್ಗು ಮೂಡಿತ್ತು.

ಆರಿದ ಮೇಲೆ ಅಲ್ಮಾಸ ಅದನ್ನು ಶಿವಲಿಂಗವ್ವನ ಮೋಟುಗೈಗೆ ಕಟ್ಟಿದಳು. ಆಕೆ ಕೊರಳಿನ ಲಿಂಗ ಬಿಚ್ಚಿ ತಗ್ಗಿನಲ್ಲಿಟ್ಟಳು. ಅಲ್ಲೇ ಹುಟ್ಟಿದಂತೆ ಕೂತಿತು.

"ಬೆರಳು ತಣ್ಣಗಾಗ್ಯಾವು, ಅಂಗೈ ಆರವಲ್ದು," ಎಂದಳು ಕಣ್ಣು ಮುಚ್ಚಿ. "ನಾಡಿ ಬಡದಂಗ ಆಗತೈತ್ರಿ. ಮುಟ್ಟಿ ನೋಡ್ರಿ."

ಯಾವ ಕೈ ಚಾಚಬೇಕೆಂದು ತಿಳಿಯದೆ ಅಮಾತೆಪ್ಪ ಹಾಗೇ ಕುಳಿತಿದ್ದ.