ಕಣ್ಣೆದುರಿನ ಸಹಿ

ಶನಿವಾರ ಮಧ್ಯಾಹ್ನ ಅರ್ಡಿತ್ ಪಾವ್ಲಿಕ್ ಅಡುಗೆಮನೆಯ ಮೇಜಿನ ಮೇಲೆ ಅರ್ಜಿಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಓಹಾಯೋದ ಆ ಪುಟ್ಟ ಕೌಂಟಿಯ ಆಡಳಿತ ಮಂಡಳಿಗೆ ಯಾವ ಪಕ್ಷದ ಹಂಗೂ ಇಲ್ಲದೆ ನಿಲ್ಲಲು ಮುನ್ನೂರ ಹತ್ತು ಮತದಾರರ ಸಹಿ ಬೇಕಿತ್ತು. ಸೋಮವಾರ ಸಂಜೆ ನಾಲ್ಕರೊಳಗೆ ಅವು ಚುನಾವಣಾ ಕಚೇರಿ ಸೇರದಿದ್ದರೆ ನವೆಂಬರಿನ ಮತಪತ್ರದಲ್ಲಿ ಅವಳ ಹೆಸರಿರುವುದಿಲ್ಲ.

ಇಪ್ಪತ್ತೇಳು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದವಳಿಗೆ ಈ ಹುಚ್ಚು ಹಿಡಿದದ್ದು ಒಂದು ಸೇತುವೆಯಿಂದ. ಊರಾಚೆಯ ಹೊಳೆಯ ಸೇತುವೆಯನ್ನು ಆರು ತಿಂಗಳ ರಿಪೇರಿಗೆಂದು ಮುಚ್ಚಿದ ಮಂಡಳಿ ಮೂರು ವರ್ಷವಾದರೂ ಅತ್ತ ತಿರುಗಿ ನೋಡಿರಲಿಲ್ಲ. ಅವಳ ಬಸ್ಸಿನ ಮಕ್ಕಳು ದಿನಾ ನಲವತ್ತು ನಿಮಿಷ ಸುತ್ತಿ ಬಳಸಿ ಮನೆ ಸೇರುತ್ತಿದ್ದರು. ಸಭೆಗೆ ಹೋಗಿ ಕೇಳಿದರೆ ಅಧ್ಯಕ್ಷ, "ಅಷ್ಟು ಗೊತ್ತಿದ್ರೆ ನೀವೇ ಬಂದು ಈ ಕುರ್ಚೀಲಿ ಕೂತ್ಕೊಳ್ಳಿ" ಎಂದು ನಕ್ಕಿದ್ದ. ಮಾರನೆಯ ದಿನವೇ ಅವಳು ಅರ್ಜಿಯ ಹಾಳೆಗಳನ್ನು ತಂದಿದ್ದಳು.

ಅವಳು ತಾನೇ ಮನೆಮನೆ ಹತ್ತಿ ಇಳಿದು ಪಡೆದದ್ದು ಇನ್ನೂರ ಅರವತ್ತೆಂಟು. ತಮ್ಮ ಡ್ವೇನ್ ತಂದದ್ದು ಎಪ್ಪತ್ತನಾಲ್ಕು. ಟೈರು ಕಾರ್ಖಾನೆಯಿಂದ ನಿವೃತ್ತನಾದ ಡ್ವೇನ್, ಎದುರು ಕೂತು ಕಾಫಿ ಹೀರುತ್ತಾ ಗೆದ್ದವನಂತೆ ಬೀಗುತ್ತಿದ್ದ.

ಅರ್ಡಿತ್‌ಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಲಾರ್ನಾ ಫಿಚ್. ಲಾರ್ನಾಳ ಕೈಬರಹ ಅವಳಿಗೆ ಗೊತ್ತಿರದೆ ಉಂಟೇ? 'ಇವತ್ತು ಮಗಳಿಗೆ ಜ್ವರ, ಬಸ್ಸಿಗೆ ಬರೋದಿಲ್ಲ' ಎಂಬಂಥ ಎಷ್ಟು ಚೀಟಿಗಳನ್ನು ಆಕೆ ಕೊಟ್ಟು ಕಳಿಸಿರಲಿಲ್ಲ! ಇದು ಆ ಅಕ್ಷರವಲ್ಲ. ಮೇಲಿನ ಸಾಲಿನ ಗಂಡನ ಕೈಯೇ ಕೆಳಗೂ ಓಡಿತ್ತು. ಡ್ವೇನ್ ತಂದ ನಾಲ್ಕೂ ಹಾಳೆಗಳಲ್ಲಿ ಅಂಥ ಏಳು ಜೋಡಿಗಳು ಸಿಕ್ಕವು.

"ಡ್ವೇನ್, ಇವರೆಲ್ಲಾ ನಿನ್ನ ಮುಂದೆ ಸಹಿ ಹಾಕಿದ್ರಾ?"

"ಹೆಂಗಸ್ರು ಒಳಗೆಲ್ಲೋ ಇದ್ರು ಅಕ್ಕಾ. ಗಂಡಂದಿರು 'ಅವಳದ್ದೂ ನಾನೇ ಹಾಕ್ತೀನಿ' ಅಂದ್ರು. ಬೇಡ ಅನ್ನೋಕಾಗುತ್ತಾ?"

"ಹಾಳೆ ಕೆಳಗೆ ನೀನೇನು ಬರ್ಕೊಟ್ಟಿದೀಯ ಓದು."

ಅವನು ಓದಲಿಲ್ಲ. ಎಲ್ಲರೂ ನನ್ನ ಕಣ್ಣೆದುರೇ ಸಹಿ ಮಾಡಿದ್ದಾರೆ ಎಂಬ ಮಾತಿನಡಿ ಅವನದೇ ಹೆಸರಿತ್ತು. "ಯಾರಿಗೆ ಗೊತ್ತಾಗುತ್ತೆ?" ಎಂದ.

"ನನಗೆ ಗೊತ್ತಾಯ್ತಲ್ಲ."

ಬರೆದುಕೊಟ್ಟ ಮಾತೇ ಸುಳ್ಳಾದ ಮೇಲೆ ಹಾಳೆ ಪೂರ್ತಿ ಕೆಟ್ಟಂತೆ. ಆ ನಾಲ್ಕೂ ಹಾಳೆಗಳನ್ನು ಅವಳು ಮಡಚಿ ಡ್ರಾಯರಿಗೆ ಹಾಕಿದಳು.

"ಹುಚ್ಚು ಹಿಡಿದಿದೆಯಾ ನಿನಗೆ? ಎರಡು ದಿನದಲ್ಲಿ ಎಲ್ಲಿಂದ ತರ್ತೀಯ? ನಾನೇನು ನನಗೋಸ್ಕರ ಅಲೆದ್ನಾ?" ಡ್ವೇನ್ ಕಪ್ಪನ್ನು ಕುಕ್ಕಿ, ಬಾಗಿಲು ಧಡಾರನೆ ಎಳೆದುಕೊಂಡು ಹೋದ. ಅವಳಿಗೆ ಕಣ್ಣು ತುಂಬಿ ಬಂತು. ಆದರೆ ಹಾಳೆಗಳು ಡ್ರಾಯರಿನಲ್ಲೇ ಉಳಿದವು.

ಭಾನುವಾರ ಚರ್ಚು ಬಿಡುವ ಹೊತ್ತಿಗೆ ಅವಳು ಹೊರಗೆ ಕಾರುಗಳ ನಡುವೆ ನಿಂತಿದ್ದಳು. ಆಮೇಲೆ ಬಟ್ಟೆ ಒಗೆಯುವ ಅಂಗಡಿ, ಅಲ್ಲಿಂದ ಪೆಟ್ರೋಲ್ ಬಂಕು. ಬಂಕಿನಲ್ಲಿ ಕರ್ಟಿಸ್ ರೆನ್‌ಫ್ರೋ ಸಿಕ್ಕ. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಮಾಡಿದ ತಂಟೆಗೆ ವರ್ಷವಿಡೀ ಅವನನ್ನು ಬಸ್ಸಿನ ಮುಂದಿನ ಸೀಟಿನಲ್ಲೇ ಕೂರಿಸಿದ್ದಳು.

"ಮಿಸಸ್ ಪಾವ್ಲಿಕ್, ನಿಮಗೆ ಮಾತ್ರ ನನ್ನ ವೋಟಿಲ್ಲ" ಎಂದ ಕರ್ಟಿಸ್.

"ವೋಟು ಯಾರು ಕೇಳಿದ್ರಪ್ಪಾ? ನನ್ನ ಹೆಸರು ಇದ್ರೆ ತಾನೇ ನೀನು ನನ್ನ ಸೋಲಿಸೋದು?"

ಅವನು ಗೊಳ್ಳನೆ ನಕ್ಕು ಪೆನ್ನಿಗೆ ಕೈ ಚಾಚಿದ.

ಕತ್ತಲಾಗುವ ಮೊದಲು ಮೂವತ್ತೊಂದು ಸಿಕ್ಕಿದ್ದವು. ಇನ್ನೂ ಹನ್ನೊಂದು ಬೇಕು. ಕಚೇರಿಯವರು ಒಂದಷ್ಟನ್ನಾದರೂ ಹೊಡೆದುಹಾಕುತ್ತಾರೆಂಬುದು ಬೇರೆ.

ಸೋಮವಾರ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಬಸ್ಸು ನಿಲ್ಲಿಸುವ ಅಂಗಳದಲ್ಲಿ ಡ್ವೇನ್ ಕಾರಿಗೆ ಒರಗಿ ನಿಂತಿದ್ದ. ಮುಖ ಇನ್ನೂ ಊದಿಕೊಂಡೇ ಇತ್ತು.

"ಕಾರು ಹತ್ತು. ಆ ಏಳು ಮನೆಗೂ ಹೋಗೋಣ. ಈ ಸಲ ನೀನೇ ನಿಂತು ನೋಡು."

ಆರು ಮನೆಗಳಲ್ಲಿ ಗಂಡ ಹೆಂಡಿರಿಬ್ಬರೂ ಹೊಸ ಹಾಳೆಯಲ್ಲಿ ತಮ್ಮ ತಮ್ಮ ಸಹಿ ಹಾಕಿದರು. ಏಳನೆಯದು ಫಿಚ್ ಮನೆ. ಗಂಡ ಕೆಲಸಕ್ಕೆ ಹೋಗಿದ್ದ. ಲಾರ್ನಾ ಕೈಯೊರೆಸಿಕೊಳ್ಳುತ್ತಾ ಬಂದಳು. ಅರ್ಡಿತ್ ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

"ನನ್ನ ಹೆಸರು ಅವರು ಹಾಕಿದ್ರಾ?" ಲಾರ್ನಾಳ ಮುಖ ಕೆಂಪೇರಿತು. "ಸೇತುವೆ ಮುಚ್ಚಿದ ಮೇಲೇನೇ ನಮ್ಮನೆ ಮುಂದೆ ಲಾರಿ ಓಡಾಟ ನಿಂತಿದ್ದು. ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿರೋದು ಈ ಮೂರು ವರ್ಷ. ನಾನು ಹಾಕಲ್ಲ, ಮಿಸಸ್ ಪಾವ್ಲಿಕ್. ಬೇಜಾರು ಮಾಡ್ಕೋಬೇಡಿ."

"ಇಲ್ಲ ಲಾರ್ನಾ. ಹಳೇ ಹಾಳೇನ ನಾನು ಕಚೇರಿಗೆ ಕೊಡಲ್ಲ."

ಡ್ವೇನ್ ಕಾರಿನ ಕೀಲಿ ತಿರುಗಿಸಿದ. "ನಾನು ಆ ಹೆಂಗಸನ್ನ ಒಂದು ಮಾತು ಕೇಳ್ಲಿಲ್ಲ ನೋಡು" ಎಂದ.

ಲೆಕ್ಕ ಮುನ್ನೂರ ಹನ್ನೊಂದಕ್ಕೆ ಬಂದಿತ್ತು. ಅದನ್ನೇ ನಂಬಿ ಕೂರುವಂತಿರಲಿಲ್ಲ. ಊಟದ ಹೊತ್ತಿಗೆ ಅವರಿಬ್ಬರೂ ಹೆದ್ದಾರಿಯ ಹೋಟೆಲಿಗೆ ಹೋದರು. ಡ್ವೇನ್ ಮೇಜು ಮೇಜಿಗೆ ಹೋಗಿ ಜೋಕು ಹೊಡೆದು ಜನರನ್ನು ಮಾತಿಗೆಳೆದ. ಅರ್ಡಿತ್ ಹಾಳೆ ಹಿಡಿದು, ಪ್ರತಿ ಪೆನ್ನಿನ ತುದಿಯನ್ನೂ ಕಣ್ಣಿಟ್ಟು ನೋಡಿದಳು. ಹದಿನೇಳು ಸಿಕ್ಕವು. ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಮುನ್ನೂರ ಇಪ್ಪತ್ತೆಂಟು ಸಹಿಗಳನ್ನು ಚುನಾವಣಾ ಕಚೇರಿಯ ಗುಮಾಸ್ತೆಯ ಮುಂದಿಟ್ಟು, ರಶೀದಿ ಪಡೆದು, ಮಕ್ಕಳನ್ನು ಕರೆತರಲು ಓಡಿದಳು.

ಹತ್ತು ದಿನಗಳ ಬಳಿಕ ಕಾಗದ ಬಂತು. ಹದಿನಾಲ್ಕು ಸಹಿಗಳನ್ನು ಹೊಡೆದುಹಾಕಿದ್ದರು. ಕೆಲವರು ವಿಳಾಸ ಬದಲಿಸಿದ್ದರು, ಇಬ್ಬರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಉಳಿದದ್ದು ಮುನ್ನೂರ ಹದಿನಾಲ್ಕು. ಅವಳ ಹೆಸರು ಮತಪತ್ರಕ್ಕೆ ಸೇರಿತ್ತು.

ಅವಳು ಡ್ವೇನ್‌ಗೆ ಫೋನು ಮಾಡಿದಳು.

"ಹಾಗಾದ್ರೆ ಗೆದ್ವಿ ಬಿಡು!" ಎಂದು ಅವನು ಕೂಗಿದ.

"ಗೆಲ್ಲೋದಿರಲಿ, ನಿಂತಿದೀನಿ ಅಷ್ಟೆ. ಶನಿವಾರ ಬಿಡುವಿದೆಯಾ?"

"ಮತ್ತೆ ಸಹಿಗಾ?"

"ಇಲ್ಲ ಕಣೋ, ಇನ್ನು ವೋಟಿಗೆ. ಒಂಬತ್ತಕ್ಕೆ ಬಾ."