ಸೆಕೆಂಡಿಗೆ ಐದರಂತೆ

ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನೂ ತಾನೇ ಮಡಚಿದ ಡ್ರೈವರಣ್ಣ.

"ಇನ್ನೊಂದು ಗಾಡಿ ತಗೊಂಡು ನಾನು ಹೋಗ್ಲೇಬೇಕು ತಂಗಿ. ಕಾರ್ಖಾನೇಲಿ ಯಾರೋ ಮೇಲಿಂದ ಬಿದ್ದಿದ್ದಾರಂತೆ, ಆಸ್ಪತ್ರೆಯಿಂದ ಫೋನು. ಅಪ್ಪನ ಗಾಡಿ ನೀನೇ ಇಳಿಸ್ಬೇಕು."

"ನಾನಾ? ನಂಗಾಗಲ್ಲ ಅಣ್ಣಾ."

"ಇಲ್ಲಿ ಲೈಸೆನ್ಸ್ ಇರೋದು ನಿಂಗೊಬ್ಬಳಿಗೇ." ಹೊರಟವನು ಮತ್ತೆ ತಿರುಗಿ ಬಂದ. ಅವಳ ಅಪ್ಪನ ಕಾಲು ಉದ್ದ, ಅವಳದು ಗಿಡ್ಡ. ಡ್ರೈವರ್ ಸೀಟನ್ನು ಮುಂದಕ್ಕೆ ಎಳೆದು, ತನ್ನ ಕರ್ಚೀಫಿನಿಂದ ಕನ್ನಡಿ ಒರೆಸಿ ಓಡಿದ.

ಆ ಆಸ್ಪತ್ರೆಗೆ ಇರುವುದೇ ಎರಡು ಆಂಬುಲೆನ್ಸ್, ಇಬ್ಬರು ಡ್ರೈವರ್‌ಗಳು. ಒಬ್ಬ ಹೀಗೆ ಓಡಿದ. ಇನ್ನೊಬ್ಬರು ಅವಳ ಅಪ್ಪ. ನಿನ್ನೆ ಸಂಜೆ ಕೆಲಸದಿಂದ ಬಂದು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಈಗ ತಮ್ಮದೇ ಗಾಡಿಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು.

ಮನೆಯ ಮುಂದಿನ ಬೀದಿ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಇಳಿಜಾರು ಮುಗಿಯುವಲ್ಲಿ ಸ್ಮಶಾನದ ಗೇಟು. ಅದರಿಂದ ಹತ್ತು ಹೆಜ್ಜೆಗೆ ಲಾರಿಗಳು ಓಡುವ ದೊಡ್ಡ ರಸ್ತೆ. ಮೂರು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂದಾಗ ಅವಳು ಕಾರಿನ ಬ್ರೇಕನ್ನು ಒಮ್ಮೆಗೇ ತುಳಿದಿದ್ದಳು. ಹಿಂದೆ ಕೂತಿದ್ದ ಅಮ್ಮ ಮುಂದಕ್ಕೆ ಎಗರಿ ಮಣಿಕಟ್ಟು ಮುರಿದುಕೊಂಡರು. ನಾಯಿ ಬಾಲ ಅಲ್ಲಾಡಿಸಿಕೊಂಡು ಹೋಯಿತು. ಅಮ್ಮನ ಕೈ ಸೊಟ್ಟಗೆ ಉಳಿಯಿತು. ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಿರಲಿಲ್ಲ.

"ಮಾವ, ಬೇರೆ ಯಾರನ್ನಾದ್ರೂ ಕರೀರಿ."

"ಯಾರನ್ನ ಕರೀಲಿ? ನಂಗೆ ಬರೋದು ಸೈಕಲ್ಲೊಂದೇ. ಅದ್ರಲ್ಲಿ ನಿಮ್ಮಪ್ಪನ್ನ ಕೂರಿಸ್ಕೊಂಡು ಹೊರಟ್ರೆ ಎದ್ದು ಕೂತು ಬೈತಾರೆ." ಸೋದರಮಾವ ಮೂಗೊರೆಸಿಕೊಂಡರು. "ಹೊತ್ಕೊಂಡು ಹೋಗೋಣ ಅಂದ್ರೆ ನಿಮ್ಮಮ್ಮ ಕೇಳ್ಬೇಕಲ್ಲ!"

ಅಮ್ಮ ಆಗಲೇ ಗಾಡಿ ಹತ್ತಿ ಅಪ್ಪನ ತಲೆಯ ಬಳಿ ಕೂತಿದ್ದರು. "ಅವರ ಗಾಡೀಲೇ ಹೋಗ್ಲಿ. ನೀನೇ ಓಡ್ಸು ಪುಟ್ಟಿ" ಎಂದರು. ದನಿ ಗಟ್ಟಿಯಾಗಿತ್ತು. ಆದರೆ ಸೊಟ್ಟ ಕೈ ಪಕ್ಕದ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು.

ಅಮ್ಮನಿಗೂ ಹೆದರಿಕೆ. ಅವಳು ಬೀಗದ ಕೈ ಹಿಡಿದು ಡ್ರೈವರ್ ಸೀಟು ಹತ್ತಿದಳು.

*

ಹತ್ತನೇ ತರಗತಿಯಲ್ಲಿ 'ಋಣ ವೇಗೋತ್ಕರ್ಷ ಎಂದರೇನು' ಎಂಬ ಪ್ರಶ್ನೆಗೆ ಅವಳು 'ವಸ್ತು ಹಿಂದಕ್ಕೆ ಚಲಿಸುವುದು' ಎಂದು ಬರೆದು ಸೊನ್ನೆ ತಂದಿದ್ದಳು. ಮೈನಸ್ ಎಂದರೆ ಹಿಂದಕ್ಕೆ ತಾನೆ? ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಪ್ಪ ಉತ್ತರಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಪಾಠ ಯಾವುದರ ಬಗ್ಗೆ ಎಂದು ಕೇಳಿ ತಿಳಿದುಕೊಂಡು, "ಪೆನ್ಸಿಲ್ ತಗೊಂಡು ಗಾಡಿ ಹತ್ತು" ಎಂದರು.

ಆಸ್ಪತ್ರೆಯ ಹಿಂದಿನ ಖಾಲಿ ರಸ್ತೆ. "ನಾನು ಬ್ರೇಕ್ ಒತ್ತೀನಿ. ನೀನು ಸೆಕೆಂಡಿಗೊಂದ್ಸಲ ಸ್ಪೀಡಿನ ಮುಳ್ಳು ನೋಡಿ ಬರ್ಕೋ."

ನಲವತ್ತು. ಮೂವತ್ತೈದು. ಮೂವತ್ತು. ಇಪ್ಪತ್ತೈದು.

"ಗಾಡಿ ಹಿಂದಕ್ಕೆ ಹೋಗ್ತಿದೆಯಾ?"

"ಇಲ್ಲಪ್ಪ, ಮುಂದಕ್ಕೇ."

"ಮತ್ತೇನು ಕಮ್ಮಿ ಆಗ್ತಿದೆ?"

"ವೇಗ. ಸೆಕೆಂಡಿಗೆ ಐದರಂತೆ."

ಹೇಳುತ್ತಲೇ ಅವಳು ಆ ಐದರ ಎಡಕ್ಕೆ ಮೈನಸ್ ಗೆರೆ ಎಳೆದಳು. ಮುಂದಕ್ಕೆ ಹೋಗುತ್ತಲೇ ಕಮ್ಮಿಯಾಗುವುದು. ಇಷ್ಟೇನಾ!

"ಒಳಗೆ ಮೂಳೆ ಮುರಿದೋರು ಮಲಗಿರ್ತಾರೆ ಪುಟ್ಟಿ," ಎಂದರು ಅಪ್ಪ. "ಬೇಗ ಶುರು ಮಾಡಿ ಸಮವಾಗಿ ಕಳೀಬೇಕು. ಇನ್ನೇನು ನಿಲ್ತು ಅನ್ನೋವಾಗ ಕಾಲು ಚೂರು ಸಡಿಲ ಬಿಡ್ಬೇಕು. ಇಲ್ಲಾಂದ್ರೆ ಕೊನೇಲಿ ಗಕ್ಕಂತ ಒದೆಯುತ್ತೆ."

ಈಗ ಅದೇ ಪಾಠವನ್ನು ಅವಳು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಾಳೆ. ಕರಿಹಲಗೆಯ ಮೇಲೆ ಯಾರ ಮಣಿಕಟ್ಟೂ ಮುರಿಯುವುದಿಲ್ಲ.

*

ಎರಡನೇ ಗೇರು. ಇಳಿಜಾರು ಗಾಡಿಯನ್ನು ತನ್ನತ್ತ ಎಳೆದುಕೊಂಡಿತು. ಹದಿನೈದು, ಇಪ್ಪತ್ತು, ಇಪ್ಪತ್ತೈದು. ಗಾಜಿನಾಚೆ ದೊಡ್ಡ ರಸ್ತೆ ಅಗಲವಾಗುತ್ತಾ ಬಂತು. ಲಾರಿಯೊಂದು ಕಿರುಚಿಕೊಂಡು ಹಾದುಹೋಯಿತು.

"ಬ್ರೇಕು! ಬ್ರೇಕಮ್ಮಾ!" ಪಕ್ಕದಲ್ಲಿದ್ದ ಮಾವ, ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ತಾವೇ ತುಳಿದರು.

ಗೇಟು ಇನ್ನೂ ದೂರವಿತ್ತು. ಅವಳು ಮೆಲ್ಲಗೆ ಒತ್ತಿದಳು.

"ಇಪ್ಪತ್ತೈದು," ಎಂದಳು ಗಟ್ಟಿಯಾಗಿ.

"ಏನು?"

"ಇಪ್ಪತ್ತು... ಮಾತಾಡಿಸ್ಬೇಡಿ ಮಾವ. ಹದಿನೈದು."

ಮಾವ ಅವಳ ಕಣ್ಣಿಗೆ ಜಾರುತ್ತಿದ್ದ ಬೆವರನ್ನು ತಮ್ಮ ಟವೆಲ್ಲಿನ ತುದಿಯಿಂದ ಒತ್ತಿ ತೆಗೆದರು.

ಹತ್ತು. ಬೀದಿ ಸಮತಟ್ಟಾಯಿತು. ಐದು. ಗೇಟಿನ ಕಂಬ, ಆಚೆ ಇನ್ನೊಂದು ಲಾರಿ. ತುಳಿ, ಪೂರ್ತಿ ತುಳಿ ಎಂದು ಮೈಯೆಲ್ಲ ಕೂಗುತ್ತಿತ್ತು. ಕಾಲು ಸಡಿಲಿಸಬೇಕಾದದ್ದು ಈಗಲೇ. ಹೆದರಿಕೆ ಹೋಗಲಿ ಎಂದು ಕಾದರೆ ಆಗದು. ಹೆದರುತ್ತಲೇ ಅವಳು ಚೂರೇ ಚೂರು ಸಡಿಲ ಬಿಟ್ಟಳು.

ಗೇಟಿನ ಮುಂದೆ ಗಾಡಿ ನಿಂತ ಮೇಲೆ ಕೈಬ್ರೇಕ್ ಎಳೆದು ಹಿಂದಕ್ಕೆ ತಿರುಗಿದಳು.

ಅಪ್ಪನ ಮೇಲಿನ ಹೊದಿಕೆಯ ಒಂದು ಮಡಿಕೆಯೂ ಕದಲಿರಲಿಲ್ಲ. ಗೇಟಿನಲ್ಲಿ ಕಾಯುತ್ತಿದ್ದವರು ಹಿಂಬಾಗಿಲಿನತ್ತ ಬರುತ್ತಿದ್ದರು. ಅಮ್ಮನ ಸೊಟ್ಟ ಕೈ ಯಾವಾಗಲೋ ಕಂಬಿ ಬಿಟ್ಟು ಅಪ್ಪನ ಹಣೆಯ ಮೇಲಿತ್ತು.

"ಇನ್ನೂ ಎಷ್ಟು ದೂರ ಪುಟ್ಟಿ?" ಎಂದರು ಅಮ್ಮ, ತಲೆ ಎತ್ತದೆ.