ನಲವತ್ತಮೂರನೆಯ ಕೋಣೆ

ಟಿನ್ ಕೆಟಲ್ ಕಂಪನಿ ಬದುಕಿದ್ದು ಒಟ್ಟು ಒಂಬತ್ತು ತಿಂಗಳು. ಅಷ್ಟರಲ್ಲೇ ನನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಕಾಣದಷ್ಟು ಸಡಗರ ಕಂಡುಬಿಟ್ಟೆ. ಹಾಗಾಗಿ ಅದು ಮುಳುಗಿದ ಕತೆಯನ್ನು ಯಾರಾದರೂ ಅಳುಮುಖ ಹಾಕಿಕೊಂಡು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

1983ರ ಫೆಬ್ರವರಿಯಲ್ಲಿ ಹಡರ್ಸ್‌ಫೀಲ್ಡಿನ ನಮ್ಮ ಉಣ್ಣೆ ಗಿರಣಿಗೆ ಬೀಗ ಬಿತ್ತು. ಮೂವತ್ತೊಂದು ವರ್ಷ ನಾನು ಅಲ್ಲಿ ಬಟ್ಟೆಯ ದೋಷ ತಿದ್ದುವವಳಾಗಿದ್ದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹರಡಿ, ಬೆರಳ ತುದಿಯಿಂದ ಸವರಿ, ಕಡಿದ ಎಳೆಯನ್ನು ಸೂಜಿಯಿಂದ ಸೇರಿಸುವುದು, ಹೆಚ್ಚಾದದ್ದನ್ನು ಚಿಮುಟದಿಂದ ಕೀಳುವುದು. ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದವಳನ್ನು ಮೈದುನ ಕ್ಲಿಫರ್ಡ್ ತನ್ನ ಟಿವಿ ರಿಪೇರಿ ಅಂಗಡಿಗೆ ಕರೆದ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಟಿನ್ ಕೆಟಲ್ ಎಂಬ ಹೆಸರಿನಲ್ಲಿ ಮನೆ ಕಂಪ್ಯೂಟರುಗಳ ಆಟದ ಕಂಪನಿ ತೆರೆದಿದ್ದ. ಆಟ ಬರೆಯುವವಳು ಹಿಲರಿ ಸಗ್ಡನ್, ಅದೇ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದ ಹತ್ತೊಂಬತ್ತರ ಹುಡುಗಿ. ನಾನು ಆಟ ತುಂಬಿದ ಕ್ಯಾಸೆಟ್ಟಿಗೆ ಚೀಟಿ ಅಂಟಿಸಿ ಚಹಾ ಮಾಡಿದರೆ ಸಾಕು ಎಂದ.

ಅಷ್ಟಕ್ಕೇ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹಿಲರಿಯ ಆಟದ ಹೆಸರು ‘ಹೊಗೆಗೂಡಿನ ಹುಂಜ’. ಒಂದು ಹುಂಜ ನಮ್ಮೂರಿನಂಥದೇ ಊರಿನ ಗಿರಣಿ ಚಿಮಣಿಗಳ ಮೇಲೆ ಹಾರುತ್ತ ಹಾರುತ್ತ ನಲವತ್ತೆಂಟು ಕೋಣೆ ದಾಟಬೇಕು. ಪ್ರತಿ ಕೋಣೆಯನ್ನೂ ಅವಳು ಚೌಕುಳಿ ಕಾಗದದ ಮೇಲೆ ಬರೆದು, ಸಾಲು ಸಾಲಾಗಿ ಅಂಕಿ ಮಾಡುತ್ತಿದ್ದಳು. ಆ ಅಂಕಿಗಳನ್ನು ಯಂತ್ರಕ್ಕೆ ಹೊಡೆಯುವ ಕೆಲಸ ನಾನೂ ಹಂಚಿಕೊಂಡೆ. ಮೊದಲ ಸಲ ನನ್ನ ಅಂಕಿಗಳು ಪರದೆಯ ಮೇಲೆ ಇಟ್ಟಿಗೆ ಗೋಡೆಯಾಗಿ ನಿಂತಾಗ ನನ್ನ ಕೈಲಿದ್ದ ಚಹಾ ಚೆಲ್ಲಿಹೋಯಿತು. ಅಂದಿನಿಂದ ನನಗೆ ಹುಂಜದ ಹುಚ್ಚು.

ಆಟವನ್ನು ಮೊದಲಿಂದ ಕೊನೆಯವರೆಗೆ ನಮ್ಮಲ್ಲಿ ಯಾರೂ ಆಡಿರಲಿಲ್ಲ. ಅದು ಅಷ್ಟು ಕಷ್ಟ. ಹಿಲರಿಗೆ ಒಂದು ಗುಟ್ಟಿನ ಕೀಲಿ ಇತ್ತು, ಅದನ್ನು ಒತ್ತಿದರೆ ಬೇಕಾದ ಕೋಣೆಗೆ ಹೋಗಬಹುದು. ಹಾಗೆ ಒಂದೊಂದೇ ಕೋಣೆಗೆ ಇಣುಕಿ, ಎಲ್ಲ ಚೆಂದವಾಗಿದೆ ಎಂದು ತಲೆದೂಗಿದೆವು. ಪತ್ರಿಕೆಗೆ ಜಾಹೀರಾತು ಎರಡು ತಿಂಗಳು ಮೊದಲೇ ಹೋಗಿತ್ತು, ಇನ್ನು ತಡೆಯುವಂತಿರಲಿಲ್ಲ. ಮೊದಲು ಮುಗಿಸಿದವರಿಗೆ ಬೆಳ್ಳಿಯ ಕೆಟಲ್ ಎಂದು ಕ್ಲಿಫರ್ಡ್ ಸಾರಿದ. ನೇರ್ಪಾಗಿ ಆಡಿದರೆ ಈ ಆಟ ಖಂಡಿತ ಮುಗಿಯುತ್ತದೆ ಎಂದು ಹಿಲರಿ ಪತ್ರಿಕೆಗೆ ಮಾತು ಕೊಟ್ಟಳು.

ಸೆಪ್ಟೆಂಬರಿನಲ್ಲಿ ಆಟ ಹೊರಟಿತು ನೋಡಿ, ಅಂಚೆಯವನು ಚೀಲ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ನಮ್ಮನ್ನು ಶಪಿಸತೊಡಗಿದ. ಉತ್ತರದ ಪರ್ತ್‌ನಿಂದ ದಕ್ಷಿಣದ ಪ್ಲಿಮತ್‌ವರೆಗೆ ಎಲ್ಲಿಂದೆಲ್ಲಿಂದಲೋ ಕಾಗದ. ಕ್ಯಾಸೆಟ್ ನಕಲು ಮಾಡುವವರ ಬಳಿ ದಿನಾ ಜಗಳವಾಡಿ ಇನ್ನೂ ಐನೂರು ತರುತ್ತಿದ್ದೆವು. ಚೀಟಿ ಅಂಟಿಸಿ ಅಂಟಿಸಿ ನನ್ನ ಬೆರಳಿನ ಗುರುತೇ ಸವೆಯಿತು. ಆಹಾ, ಎಂಥ ದಿನಗಳು.

ಅಕ್ಟೋಬರಿನಲ್ಲಿ ಕಾಗದಗಳ ರಾಗ ಬದಲಾಯಿತು. ಎಲ್ಲರೂ ನಲವತ್ತಮೂರನೆಯ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರು. ಮಕ್ಕಳು ನಕ್ಷೆ ಬರೆದು, ಬಾಣ ಹಾಕಿ, ಇಲ್ಲಿಂದ ಅಲ್ಲಿಗೆ ಹಾರಲಾಗದು, ನೀವು ಸುಳ್ಳು ಹೇಳಿದ್ದೀರಿ ಎಂದು ಬರೆದರು. ಹಿಲರಿ ನಾಲ್ಕು ದಿನ ಆ ಕೋಣೆಯಲ್ಲೇ ಹುಂಜವನ್ನು ಹಾರಿಸಿದಳು. ಐದನೆಯ ದಿನ ಅವಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಕ್ಲಿಫರ್ಡನಿಗೆ ಮಾತ್ರ ಚಿಂತೆಯೇ ಇಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು. ಊರಿನ ರೇಡಿಯೋದವರು ಭಾನುವಾರದ ಕಂಪ್ಯೂಟರ್ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿದ್ದರು. ಬೇಕೆಂದೇ ಮುಚ್ಚಿದ ದಾರಿ ಅದು, ನಮ್ಮ ಮುಂದಿನ ಆಟ ಕೊಂಡವರಿಗೆ ತೆರೆಯುತ್ತದೆ ಎಂದು ಅಲ್ಲಿ ಹೇಳಿಬಿಡೋಣ ಎಂದ.

ನಾನು ಶುಕ್ರವಾರ ಬೆಳಿಗ್ಗೆ ಹಿಲರಿಯ ಚೌಕುಳಿ ಕಾಗದವನ್ನೂ ಯಂತ್ರ ಮುದ್ರಿಸಿದ ಅಂಕಿಗಳನ್ನೂ ಕಿಟಕಿಯ ಬೆಳಕಿಗೆ ಹರಡಿದೆ. ಬಟ್ಟೆ ಸವರಿದ ಹಾಗೆ ಬೆರಳಾಡಿಸುತ್ತ ಹೋದೆ. ನಲವತ್ತಮೂರಕ್ಕೆ ಬಂದಾಗ ಬೆರಳು ನಿಂತಿತು. ಕಾಗದದಲ್ಲಿ ಒಂದೇ ಥರದ ಎರಡು ಸಾಲು ಒಂದರ ಮೇಲೊಂದು. ಎರಡು ಇಟ್ಟಿಗೆ ದಪ್ಪದ ಮೆಟ್ಟಿಲು ಅದು. ಯಂತ್ರದಲ್ಲಿ ಒಂದೇ ಸಾಲು ಇತ್ತು, ಅದರ ಮೇಲೊಂದು ಖಾಲಿ ಸಾಲು ಸೇರಿಸಿ ಲೆಕ್ಕ ಸರಿದೂಗಿಸಲಾಗಿತ್ತು. ಮೆಟ್ಟಿಲು ಒಂದಿಟ್ಟಿಗೆ ಗಿಡ್ಡವಾದ್ದರಿಂದ ಹುಂಜ ಎಷ್ಟು ಹಾರಿದರೂ ಚಿಮಣಿ ಮುಟ್ಟುತ್ತಿರಲಿಲ್ಲ.

ಹಿಲರಿಯನ್ನು ಕೂಗಿ ತೋರಿಸಿದೆ. ಅವಸರದಲ್ಲಿ ನಾನೇ ಬಿಟ್ಟಿರಬೇಕು ಎಂದಳು. ಯಾವ ಕೋಣೆ ಯಾರು ಹೊಡೆದದ್ದೆಂದು ಅವಳಿಗೆ ನೆನಪಿರಲಿಲ್ಲ. ನನಗೆ ಚೆನ್ನಾಗಿ ನೆನಪಿತ್ತು. ಗಿರಣಿಯಲ್ಲಿ ಒಂದೇ ಸಂದಿಯಲ್ಲಿ ಎರಡು ಎಳೆ ಕೂತರೆ ಅದು ಜೋಡಿ ಹೊಕ್ಕು, ದೊಡ್ಡ ದೋಷ. ಕಂಡ ಕೂಡಲೇ ಒಂದನ್ನು ಕೀಳಬೇಕು. ಮೂವತ್ತೊಂದು ವರ್ಷ ಕಿತ್ತಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಹೋಗುವುದಿಲ್ಲ. ಹಿಲರಿ ತಪ್ಪಿ ಎರಡು ಸಲ ಬರೆದಿದ್ದಾಳೆಂದು, ಅವಳಿಗೆ ಉಪಕಾರ ಮಾಡುವವಳಂತೆ, ನಾನೇ ಒಂದನ್ನು ಕಿತ್ತಿದ್ದೆ.

ಹೇಳಬೇಕಿತ್ತು. ಅಲ್ಲಿಂದಲೂ ಮನೆಗೆ ಕಳಿಸಿದರೆ ಮತ್ತೆ ಅದೇ ಗೋಡೆ ನೋಡುತ್ತ ಕೂರಬೇಕಲ್ಲ ಎಂದು ಹೆದರಿದೆ. ಹಿಲರಿ ಅರ್ಧ ಗಂಟೆಯಲ್ಲಿ ದೋಷ ಸರಿಪಡಿಸುವ ಪುಟ್ಟ ಪ್ರೋಗ್ರಾಮು ಬರೆದಳು. ಆಮೇಲೆ ತನ್ನ ಯಂತ್ರದ ವೈರುಗಳನ್ನೆಲ್ಲ ಸುತ್ತಿ ಡಬ್ಬಕ್ಕೆ ತುಂಬಿದಳು. ರೇಡಿಯೋದಲ್ಲಿ ತಪ್ಪೊಪ್ಪಿ, ಪ್ರೋಗ್ರಾಮನ್ನು ಅಲ್ಲೇ ಬಿತ್ತರಿಸಿ, ಮತ್ತೆ ಟಿವಿ ಬೆಸುಗೆಗೆ ಹೋಗುತ್ತೇನೆ, ಸಾವಿರಾರು ಮಕ್ಕಳಿಗೆ ಸುಳ್ಳು ಹೇಳಿದವಳು ಇನ್ನು ಆಟ ಬರೆಯಬಾರದು ಎಂದಳು. ಅವಳ ಪಾಲಿನ ಮಾಂಸದ ಕಡುಬು ಮೇಜಿನ ಮೇಲೆ ತಣ್ಣಗಾಯಿತು.

ಭಾನುವಾರ ಮೂರು ಗಂಟೆಗೆ ಮೂವರೂ ಒಂದೇ ಮೈಕಿನ ಸುತ್ತ ಕೂತೆವು. ಕ್ಲಿಫರ್ಡ್ ಗಂಟಲು ಸರಿಮಾಡಿಕೊಂಡು ಮುಚ್ಚಿದ ದಾರಿಯ ಪುರಾಣ ಶುರುಮಾಡುವಷ್ಟರಲ್ಲಿ ಹಿಲರಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

“ಅದು ಗುಟ್ಟೂ ಅಲ್ಲ, ಗಿಟ್ಟೂ ಅಲ್ಲ. ತಪ್ಪು. ಆ ತಪ್ಪು ಮಾಡ್ದೋಳು—”

“ನಾನು,” ಎಂದೆ. ಇಡೀ ಯಾರ್ಕ್‌ಷೈರಿಗೆ ಕೇಳುವಂತೆ ಎಂದುಬಿಟ್ಟೆ. “ನಾನು ಮೇವಿಸ್ ಹಿಂಚ್‌ಲಿಫ್. ಗಿರಣೀಲಿ ಬಟ್ಟೆ ತಿದ್ತಿದ್ದೋಳು. ಒಂದೇ ಥರದ ಎರಡು ಸಾಲು ಕಂಡೆ, ಜೋಡಿ ಹೊಕ್ಕು ಅಂದ್ಕೊಂಡು ಒಂದನ್ನ ಕಿತ್ತಾಕ್ದೆ. ಈ ಹುಡುಗಿ ಸರಿಯಾಗೇ ಬರೆದಿದ್ಲು. ಶುಕ್ರವಾರಾನೇ ಗೊತ್ತಾಯ್ತು ನಂಗೆ, ಹೆದರಿ ಬಾಯ್ಮುಚ್ಕೊಂಡಿದ್ದೆ.”

“ಅತ್ತಿಗೆ, ನಮ್ಮನೆ ಹಾಳಾಯ್ತು,” ಎಂದ ಕ್ಲಿಫರ್ಡ್. ಅದೂ ಬಿತ್ತರವಾಯಿತು.

ಹಿಲರಿ ನನ್ನ ಕಡೆ ನೋಡಲಿಲ್ಲ. ಟೇಪ್ ಸಿದ್ಧಮಾಡಿಕೊಳ್ಳಿ ಎಂದು ಕೇಳುಗರಿಗೆ ಹೇಳಿ, ಪ್ರೋಗ್ರಾಮು ಹಾಕಿಸಿದಳು. ಆಗ ಪ್ರೋಗ್ರಾಮೆಂದರೆ ಟೇಪಿನ ಮೇಲಿನ ಬರೀ ಸದ್ದು, ಕೇಳುಗರು ಅದನ್ನು ರೇಡಿಯೋದಿಂದ ಟೇಪಿಗೆ ಹಿಡಿದು ತಮ್ಮ ಯಂತ್ರಕ್ಕೆ ತುಂಬಿಕೊಳ್ಳಬಹುದಿತ್ತು. ನಲವತ್ತು ಸೆಕೆಂಡು ರೇಡಿಯೋ ಕೀಚ್ ಕೀಚ್ ಎಂದು ಕಿರುಚಿತು. ಮೊದಲ ಫೋನು ಒಬ್ಬ ಅಜ್ಜಿಯದು. ಬ್ಯಾಂಡ್ ವಾದ್ಯ ಕೇಳೋಣವೆಂದು ಹಾಕಿದರೆ ಹಂದಿ ಕೊಯ್ಯುತ್ತಿದ್ದೀರಲ್ಲ, ನಿಮಗೆ ಮಾನ ಇದೆಯಾ ಎಂದು ಬೈದಳು.

ಕಾರ್ಯಕ್ರಮ ಮುಗಿದರೂ ನಾವು, ಯಾರಾದರೂ ನಲವತ್ತಮೂರು ದಾಟುತ್ತಾರಾ ಎಂದು, ರೇಡಿಯೋದವರ ಓಣಿಯಲ್ಲಿ ಫೋನಿನ ಪಕ್ಕ ಬೆಂಚಿನ ಮೇಲೆ ಕೂತೆವು. ನಾಲ್ಕೂಕಾಲಿಗೆ ಒಬ್ಬರು ಮೂವತ್ತನೆಯ ಕೋಣೆಯಲ್ಲಿದ್ದೇನೆ ಎಂದರು. ಇನ್ನೊಬ್ಬರು ಮೂವತ್ತೊಂಬತ್ತು. ಐದಕ್ಕೆ ಹತ್ತು ನಿಮಿಷ ಇದ್ದಾಗ ಹ್ಯಾಲಿಫ್ಯಾಕ್ಸಿನ ಬಸ್ ಕಂಡಕ್ಟರ್ ಒಬ್ಬಳು ಫೋನು ಮಾಡಿ, ನಲವತ್ತಮೂರು ದಾಟಿತು, ನಲವತ್ತೆಂಟೂ ದಾಟಿತು, ಹುಂಜ ಚಿಮಣಿಯ ತುದಿಯಲ್ಲಿ ಕೂಗುತ್ತಿದೆ ಎಂದಳು. ಹಿಲರಿ ರಿಸೀವರು ಕಸಿದುಕೊಂಡು, ಎಡಗಡೆಯಿಂದ ಹಾರಿದಿರಾ ಬಲಗಡೆಯಿಂದಲಾ ಎಂದು ಕೇಳಿದಳು. ಉತ್ತರ ಕೇಳಿ ಅವಳ ಹುಬ್ಬು ಮೇಲೇರಿತು. ಅವಳಿಗೇ ಗೊತ್ತಿಲ್ಲದ ದಾರಿ ಅದು.

ಆಟ ಮಾರುತ್ತಿದ್ದ ಅಂಗಡಿಯವರು ಪೆಟ್ಟಿಗೆಗಟ್ಟಲೆ ಕ್ಯಾಸೆಟ್ ವಾಪಸು ಕಳಿಸಿದರು, ಡಿಸೆಂಬರ್ ಕೊನೆಗೆ ಟಿನ್ ಕೆಟಲ್ ಮುಚ್ಚಿತು, ಕ್ಲಿಫರ್ಡ್ ಈಸ್ಟರ್‌ವರೆಗೆ ನನ್ನ ಜೊತೆ ಮಾತು ಬಿಟ್ಟ. ಬಿಡಲಿ. ಆ ಸಂಜೆ ಓಣಿಯಲ್ಲಿ ಹಿಲರಿ ಫೋನಿಟ್ಟು, ಗೋಡೆಯ ಮೇಲಿದ್ದ ನೋಟೀಸೊಂದನ್ನು ಕಿತ್ತು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೊಸದೊಂದು ಕೋಣೆಗೆ ಚೌಕ ಹಾಕತೊಡಗಿದಳು. ತಲೆಯೆತ್ತದೆಯೇ ನನ್ನನ್ನು ಮಾತಾಡಿಸಿದಳು.

“ಮೇವಿಸ್ ಆಂಟಿ, ಇದಕ್ಕೂ ಅಂಕಿ ನೀವೇ ಹೊಡೀಬೇಕು. ಒಂದೇ ಥರದ ಸಾಲು ಕಂಡ್ರೆ ಕೀಳೋಕೆ ಮುಂಚೆ ನನ್ನ ಒಂದ್ಮಾತು ಕೇಳಿ.”

ಕೇಳುತ್ತೇನೆ ಮಗಳೇ ಎಂದೆ, ಮತ್ತು ಆ ಬೆಂಚಿನ ಮೇಲೆ ಕೂತು ನಾಚಿಕೆಯಿಲ್ಲದೆ ಅತ್ತೆ.